77ನೇ ನಿಮಿಷಕ್ಕೆ ಎದ್ದು ಹೋದವರು

2021ರ ಏಪ್ರಿಲ್‌ನಲ್ಲಿ ಹತ್ತಿಕೊಂಡ ಒಂದು ಕಿರಿಕಿರಿ ಇನ್ನೂ ಬಿಟ್ಟಿಲ್ಲ. ಸೂಪರ್ ಲೀಗ್ ಕತೆ ಫುಟ್‌ಬಾಲ್ ನೋಡುವವರಿಗೆಲ್ಲ ಬಾಯಿಪಾಠ. 18ರ ಭಾನುವಾರ ರಾತ್ರಿ ಯುರೋಪಿನ ಹನ್ನೆರಡು ದೊಡ್ಡ ಕ್ಲಬ್‌ಗಳು ಸೇರಿ ನಮ್ಮದೇ ಲೀಗ್ ಕಟ್ಟಿಕೊಳ್ಳುತ್ತೇವೆ ಅಂದವು. ಮಂಗಳವಾರ ರಾತ್ರಿಯೊಳಗೆ ಇಂಗ್ಲೆಂಡಿನ ಆರೂ ಕ್ಲಬ್‌ಗಳು ಬಾಲ ಮುದುರಿಕೊಂಡವು. ಆ ಆರರಲ್ಲೊಂದಾದ ಚೆಲ್ಸಿಯ ಅಂಗಳದ ಹೊರಗೆ ರಸ್ತೆಗೆ ಅಡ್ಡ ನಿಂತ ಜನರ ನಡುವೆ ಆ ಕ್ಲಬ್ಬಿನ ಮಾಜಿ ಗೋಲ್‌ಕೀಪರ್ ಪೆಟರ್ ಚೆಕ್ ಇಳಿದು ಬಂದು, ಸ್ವಲ್ಪ ಟೈಮ್ ಕೊಡಿ ಅಂತ ಕೇಳಿಕೊಂಡ ವಿಡಿಯೊವನ್ನು ನಾನೂ ನಿಮ್ಮ ಹಾಗೆಯೇ ತಿರುತಿರುಗಿ ನೋಡಿದೆ. ಕಿರಿಕಿರಿ ಅದರದ್ದಲ್ಲ. ಆ ಎರಡು ದಿನ ಸೂಪರ್ ಲೀಗ್ ಕಡೆಯವರು ಕೊಟ್ಟ ಸಮರ್ಥನೆಯದ್ದು. ರಿಯಲ್ ಮ್ಯಾಡ್ರಿಡ್ ಅಧ್ಯಕ್ಷ ಫ್ಲೊರೆಂಟಿನೊ ಪೆರೆಸ್ ಟಿವಿಯಲ್ಲಿ ಕೂತು, ಹುಡುಗರಿಗೆ ಫುಟ್‌ಬಾಲ್ ಮೇಲೆ ಆಸಕ್ತಿ ಇಳಿಯುತ್ತಿದೆ, ಪಂದ್ಯಗಳೇ ಉದ್ದವಾದವೇನೋ ಅಂದರು. ಒಳಗಿನ ಮಾತುಕತೆಯಲ್ಲಿ ಅಭಿಮಾನಿಗಳನ್ನು ಎರಡು ಪಾಲು ಮಾಡಿದ್ದರು ಅಂತಲೂ ಸುದ್ದಿ ಬಂತು: ಸ್ಟೇಡಿಯಂಗೆ ಬರುವ ಹಳಬರು ಒಂದು ಕಡೆ, ಎಲ್ಲೋ ದೂರದಲ್ಲಿ ಕೂತು ದೊಡ್ಡ ಆಟಗಾರರನ್ನು ವಾರ ವಾರವೂ ನೋಡಬಯಸುವ ಭವಿಷ್ಯದ ಅಭಿಮಾನಿಗಳು ಇನ್ನೊಂದು ಕಡೆ.

ಆ ಎರಡನೇ ಪಾಲು ಅಂದರೆ ನಾನು. ಇಂಗ್ಲೆಂಡಿನ ಒಂದು ಮೈದಾನದ ಗೇಟನ್ನೂ ದಾಟದವನು, ಮಳೆಯಲ್ಲಿ ನೆನೆದು ಸೋಲು ನೋಡಿ ಕೊನೆಯ ರೈಲಿಗೆ ಓಡದವನು. ನೂರು ವರ್ಷ ದಾಟಿದ ಒಂದು ವ್ಯವಸ್ಥೆಯನ್ನು ಮುರಿಯಲು ಹೊರಟವರು ಕೊಟ್ಟ ಕಾರಣಗಳಲ್ಲಿ ನಾನೂ ಒಬ್ಬ. ನನ್ನನ್ನಂತೂ ಯಾರೂ ಕೇಳಲಿಲ್ಲ. ನನಗಿಂತ ನೂರು ಪಾಲು ಹೆಚ್ಚು ಕೇಳಬೇಕಾಗಿದ್ದವರನ್ನೂ ಕೇಳಲಿಲ್ಲ. ಅಭಿಮಾನಿಗಳಿಗೆ ತಮ್ಮ ಕ್ಲಬ್‌ನಲ್ಲಿ ಒಗ್ಗಟ್ಟಿನ ದನಿ ಬೇಕೇ ಎಂಬ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಹೀಗೆ. ಬೇಕು ಅನ್ನುವುದು ಸುಲಭ. ಯಾವುದರ ಮೇಲೆ ಬೇಕು, ಯಾರಿಗೆ ಬೇಕು ಅನ್ನುವಲ್ಲಿ ತೊಡಕು ಶುರುವಾಗುತ್ತದೆ.

ಆ್ಯನ್‌ಫೀಲ್ಡ್‌ನ ಒಂದು ಶನಿವಾರ

2016ರ ಫೆಬ್ರವರಿ 6. ಲಿವರ್‌ಪೂಲ್‌ನ ತವರು ಮೈದಾನ ಆ್ಯನ್‌ಫೀಲ್ಡ್‌ನಲ್ಲಿ ಲಿವರ್‌ಪೂಲ್ ಮತ್ತು ಸಂಡರ್‌ಲೆಂಡ್. ಅಪೆಂಡಿಕ್ಸ್ ತೊಂದರೆಯಾಗಿ ಲಿವರ್‌ಪೂಲ್ ಕೋಚ್ ಕ್ಲಾಪ್ ಆ ದಿನ ಮೈದಾನದಲ್ಲಿರಲಿಲ್ಲ. ಅಲ್ಲಿಯ ಮಧ್ಯಾಹ್ನ ಮೂರರ ಪಂದ್ಯ ಅದು. (ಒಂದು ವಿಚಿತ್ರ ಹೇಳಿಬಿಡುತ್ತೇನೆ: ಶನಿವಾರ ಮಧ್ಯಾಹ್ನ ಮೂರರ ಪಂದ್ಯಗಳನ್ನು ಇಂಗ್ಲೆಂಡಿನ ಟಿವಿಯಲ್ಲಿ ನೇರವಾಗಿ ತೋರಿಸುವ ಹಾಗಿಲ್ಲ, ಜನ ಮನೆಯಲ್ಲೇ ಕೂತುಬಿಟ್ಟರೆ ಸಣ್ಣ ಕ್ಲಬ್‌ಗಳ ಗೇಟು ಖಾಲಿ ಹೊಡೆಯುತ್ತದೆ ಎಂಬ ಹಳೇ ಕಟ್ಟುಪಾಡು. ಆ್ಯನ್‌ಫೀಲ್ಡ್‌ನ ಪಕ್ಕದ ಬೀದಿಯ ಮನೆಯವರಿಗೆ ಕಾಣದ ಆಟ ಸಾವಿರಾರು ಮೈಲಿ ಆಚೆ ಇರುವ ನನಗೆ ಕಾಣುತ್ತಿತ್ತು.) ಫಿರ್ಮಿನೊ ಒಂದು, ಲಲಾನಾ ಒಂದು ಹೊಡೆದು 2-0 ಆಗಿತ್ತು. ಇನ್ನು ಇದು ಮುಗಿದ ಪಂದ್ಯ ಅಂತ ಫೋನ್ ಕೈಗೆತ್ತಿಕೊಂಡಿದ್ದೆ.

ಗಡಿಯಾರ 77 ತೋರಿಸಿದಾಗ ಗೋಲಿನ ಹಿಂದಿನ ಕಾಪ್ ಸ್ಟ್ಯಾಂಡ್‌ನಲ್ಲಿ ಜನ ಎದ್ದರು. ಯಾರಿಗೋ ಏನೋ ಆಯಿತೇನೋ ಅಂದುಕೊಂಡೆ. ಕ್ಯಾಮೆರಾ ಅತ್ತ ತಿರುಗಿತು. ಜನ ಓಡುತ್ತಿರಲಿಲ್ಲ. ಸಾಲು ಹಿಡಿದು, ಮೆಟ್ಟಿಲಿನ ಕಡೆಗೆ, ಕೆಲವರು ಒಮ್ಮೆ ಹಿಂತಿರುಗಿ ಆಟ ನೋಡುತ್ತ, ಹೊರಗೆ ನಡೆಯುತ್ತಿದ್ದರು. ಒಂದಷ್ಟು ಜನ ಸಾಕು ಸಾಕು ಅಂತ ಕೂಗುತ್ತಿದ್ದರು. ಕೆಂಪು ತುಂಬಿದ್ದ ಕಡೆಯೆಲ್ಲ ಖಾಲಿ ಸೀಟು ಕಾಣಿಸತೊಡಗಿತು. ಹತ್ತು ಸಾವಿರ ಜನ ಎದ್ದು ಹೋದರೆಂದು ಆಮೇಲೆ ಅಂದಾಜು ಮಾಡಿದರು. ಹೊಸದಾಗಿ ಕಟ್ಟುತ್ತಿದ್ದ ಮೇನ್ ಸ್ಟ್ಯಾಂಡ್‌ನ ಅತಿ ದುಬಾರಿ ಟಿಕೆಟ್ಟಿಗೆ ಕ್ಲಬ್ 77 ಪೌಂಡ್ ಇಟ್ಟಿತ್ತು, 77ನೇ ನಿಮಿಷ ಅದಕ್ಕೆ. ಅವರು ಹೊರಹೋದ ಮೇಲೆ ಸಂಡರ್‌ಲೆಂಡ್ ಎರಡು ಗೋಲು ಹೊಡೆಯಿತು: 82ನೇ ನಿಮಿಷಕ್ಕೊಂದು, 89ಕ್ಕೊಂದು. 2-2.

ಖಾಲಿಯಾದ ಸ್ಟ್ಯಾಂಡ್‌ಗೂ ಆ ಗೋಲುಗಳಿಗೂ ಸಂಬಂಧವಿದೆ ಅಂತ ಯಾರೂ ಸಾಬೀತು ಮಾಡಲಾರರು, ನಾನಂತೂ ಆ ವಾದಕ್ಕಿಳಿಯುವುದಿಲ್ಲ. ನನಗೆ ಅರ್ಥವಾಗಿದ್ದು ಬೇರೆ. ಎದ್ದು ಹೋದವರು ಮುಂದಿನ ಪಂದ್ಯಕ್ಕೆ ವಾಪಸ್ ಬರುವವರೇ. ಸೋಪು ಸರಿಯಿಲ್ಲದಿದ್ದರೆ ಬ್ರ್ಯಾಂಡ್ ಬದಲಿಸಬಹುದು, ಲಿವರ್‌ಪೂಲ್ ಟಿಕೆಟ್ ದುಬಾರಿಯಾಯಿತೆಂದು ಅದೇ ಊರಿನ ಎವರ್ಟನ್‌ಗೆ ಹೋಗುವವರು ಹುಟ್ಟಿಲ್ಲ. ಇಷ್ಟವಿಲ್ಲದಿದ್ದರೆ ಬರಬೇಡಿ ಎಂದು ಮಾಲೀಕರು ಧೈರ್ಯವಾಗಿ ಹೇಳುವುದು ಇದೇ ಕಾರಣಕ್ಕೆ. ಇವರು ಬಿಟ್ಟು ಹೋಗುವವರಲ್ಲ ಅಂತ ಅವರಿಗೂ ಗೊತ್ತು. ಬಿಟ್ಟು ಹೋಗಲಾರದವರ ಕೈಗೆ ಮಾತಾಡುವ ಹಕ್ಕೂ ಇಲ್ಲದಿದ್ದರೆ ಉಳಿಯುವುದು ಬಿಲ್ ಕಟ್ಟುವ ಹಕ್ಕೊಂದೇ.

ನಾಲ್ಕೇ ದಿನದಲ್ಲಿ ಮಾಲೀಕರು ಕ್ಷಮೆ ಕೇಳಿ ದರವನ್ನು ಹಳೆಯ 59 ಪೌಂಡ್‌ಗೆ ಇಳಿಸಿದರು. ಗೆಲುವು ಅಂತ ಎಲ್ಲರೂ ಬರೆದರು. ನನಗೆ ಅದು ಅರ್ಧ ಗೆಲುವು. ಅದಕ್ಕೂ ಮೊದಲು ಅಭಿಮಾನಿಗಳ ಪ್ರತಿನಿಧಿಗಳು ಕ್ಲಬ್ ಜೊತೆ ತಿಂಗಳುಗಟ್ಟಲೆ ಕೂತು ಮಾತಾಡಿದ್ದರು. ಮಾತು ಕೇಳಿಸಿಕೊಂಡು, ತಲೆಯಾಡಿಸಿ, ಕೊನೆಗೆ ತಮಗೆ ಬೇಕಾದ ದರವನ್ನೇ ಇಟ್ಟಿದ್ದರು. ಪ್ರತಿ ಸಲವೂ ಹತ್ತು ಸಾವಿರ ಜನ ಎದ್ದು ಹೋಗಬೇಕು ಅಂದರೆ ಅದು ದನಿಯಲ್ಲ, ಕೂಗು. ಕೂಗಿ ಕೂಗಿ ಗಂಟಲು ಕಟ್ಟುತ್ತದೆ, ಅದೂ ಮಾಲೀಕರಿಗೆ ಗೊತ್ತಿರುತ್ತದೆ. ಸೂಪರ್ ಲೀಗ್ ಗಲಾಟೆಯ ನಂತರ ಅದೇ ಕ್ಲಬ್ ಅಭಿಮಾನಿಗಳ ಮಂಡಳಿಯೊಂದನ್ನು ಒಪ್ಪಿ, ಅದನ್ನು ಕಂಪನಿಯ ನಿಯಮಾವಳಿಯಲ್ಲೇ ಬರೆಯಿತು. ಹಾಗೆ ಬರೆಯಿಸಲು ಅಷ್ಟು ದೊಡ್ಡ ಗಲಾಟೆ ಬೇಕಾಯಿತು.

ಪೊರಕೆ ಹಿಡಿದು ಬಂದವರು

ಟಿಕೆಟ್ ದರ ಇಳಿಸಬಹುದು, ಏರಿಸಬಹುದು. ಕೆಲವು ತಪ್ಪುಗಳನ್ನು ತಿದ್ದಲು ಬರುವುದಿಲ್ಲ. ಬರಿ (Bury) ಎಂಬ ಊರಿನ ಕ್ಲಬ್ಬಿನ ಕತೆ ಅಂಥದ್ದು. 1885ರಲ್ಲಿ ಹುಟ್ಟಿದ, ಮ್ಯಾಂಚೆಸ್ಟರ್‌ನ ಮಗ್ಗುಲಲ್ಲೇ ಇರುವ ಕ್ಲಬ್. 1900 ಮತ್ತು 1903ರಲ್ಲಿ ಇಂಗ್ಲೆಂಡಿನ ಹಳೇ ನಾಕ್‌ಔಟ್ ಟೂರ್ನಿಯಾದ ಎಫ್ಎ ಕಪ್ ಗೆದ್ದಿತ್ತು. ಎರಡನೇ ಸಲ ಡರ್ಬಿ ಕೌಂಟಿಯನ್ನು 6-0 ಅಂತರದಲ್ಲಿ ಹೊಡೆದದ್ದು ಫೈನಲ್‌ನ ದಾಖಲೆ. 116 ವರ್ಷ ಯಾರೂ ಮುಟ್ಟದ ಆ ದಾಖಲೆಯನ್ನು 2019ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್ ಸಿಟಿ ಸರಿಗಟ್ಟಿತು. ಅದಾದ ಮೂರು ತಿಂಗಳಿಗೆ ಬರಿ ಕ್ಲಬ್ ಲೀಗ್‌ನಲ್ಲೇ ಇರಲಿಲ್ಲ.

ಆ ಸೀಸನ್‌ನಲ್ಲಿ ಬರಿ ಕ್ಲಬ್ಬಿನ ಆಟಗಾರರು ಮೇಲಿನ ಡಿವಿಷನ್‌ಗೆ ಬಡ್ತಿ ಗೆದ್ದಿದ್ದರು. ಸಂಬಳ ಸರಿಯಾಗಿ ಬರುತ್ತಿರಲಿಲ್ಲ, ಆದರೂ ಗೆದ್ದರು. ಕ್ಲಬ್ 2018ರ ಡಿಸೆಂಬರ್‌ನಲ್ಲಿ ಒಂದು ಪೌಂಡ್‌ಗೆ ಕೈ ಬದಲಾಗಿತ್ತು. ಅದರ ಗಿಗ್ ಲೇನ್ ಮೈದಾನದ ಮೇಲೆ ಹಿಂದಿನ ಮಾಲೀಕರ ಕಾಲದ ಅಡಮಾನ ಇತ್ತು. 2019ರ ಆಗಸ್ಟ್ 27ಕ್ಕೆ ಲೀಗ್ ಕೊಟ್ಟ ಗಡುವು ಮುಗಿಯುವುದರಲ್ಲಿತ್ತು. ಕೊಳ್ಳುವವರು ಸಿಕ್ಕಿದ್ದಾರೆ, ಪಂದ್ಯ ನಡೆಯಬಹುದು ಅನ್ನುವ ಸುದ್ದಿಗೆ ಆ ದಿನ ಬೆಳಿಗ್ಗೆ ನೂರಾರು ಜನ ಪೊರಕೆ, ಬಕೆಟ್ಟು, ಬಟ್ಟೆ ಹಿಡಿದು ಸ್ಟೇಡಿಯಂಗೆ ಬಂದರು. ಸೀಟು ಒರೆಸಿದರು, ಮೆಟ್ಟಿಲು ಗುಡಿಸಿದರು. ನಾನು ನೋಡಿದ್ದು ಸುದ್ದಿಯ ತುಣುಕುಗಳಲ್ಲಿ. ಮಧ್ಯಾಹ್ನದ ಹೊತ್ತಿಗೆ ಕೊಳ್ಳುವವರು ಹಿಂದೆ ಸರಿದರು. ರಾತ್ರಿ ಕ್ಲಬ್ಬನ್ನು ಲೀಗ್‌ನಿಂದ ಹೊರಹಾಕಿದ ಸುದ್ದಿ ಬಂತು.

ಆ ಸೀಟು ಒರೆಸಿದವರಿಗೆ ಮೊದಲೇ ಯಾವ ಹಕ್ಕು ಇದ್ದಿದ್ದರೆ ಉಪಯೋಗವಾಗುತ್ತಿತ್ತು? ಯಾರನ್ನು ಆಡಿಸಬೇಕು, ಯಾರನ್ನು ಕೋಚ್ ಮಾಡಬೇಕು ಅನ್ನುವ ಹಕ್ಕಲ್ಲ. ಲೆಕ್ಕಪತ್ರ ತೋರಿಸಿ ಎಂದು ಕೇಳುವ ಹಕ್ಕು. ಮೈದಾನವನ್ನು ನಮ್ಮ ಒಪ್ಪಿಗೆಯಿಲ್ಲದೆ ಅಡವಿಡಬೇಡಿ ಎಂದು ತಡೆಯುವ ಹಕ್ಕು. ಒಂದು ಪೌಂಡ್‌ಗೆ ಮಾರುವ ಮೊದಲು ಕೊಳ್ಳುವವರ ಹತ್ತಿರ ದುಡ್ಡಿದೆಯೇ ಎಂದು ನೋಡುವ ಹಕ್ಕು. ಅಭಿಮಾನಿಗಳಿಗೆ ವ್ಯವಹಾರ ಗೊತ್ತಾಗುವುದಿಲ್ಲ, ಭಾವುಕರು, ನಾಳೆಯೇ ಸ್ಟ್ರೈಕರ್ ಕೊಳ್ಳಿ ಅನ್ನುತ್ತಾರೆ ಎಂಬ ಆಕ್ಷೇಪ ಎಲ್ಲ ಕಡೆ ಕೇಳುತ್ತದೆ. ಬರಿಯನ್ನು ಮುಳುಗಿಸಿದವರು ಭಾವುಕರಲ್ಲ, ವ್ಯವಹಾರ ಗೊತ್ತಿದ್ದವರು. ಮ್ಯಾಂಚೆಸ್ಟರ್ ಯುನೈಟೆಡ್ಡನ್ನು 2005ರಲ್ಲಿ ಸಾಲ ಮಾಡಿ ಕೊಂಡು, ಆ ಸಾಲವನ್ನು ಕ್ಲಬ್ಬಿನ ತಲೆಗೇ ಕಟ್ಟಿದವರಿಗೂ ವ್ಯವಹಾರ ಚೆನ್ನಾಗಿಯೇ ಗೊತ್ತಿತ್ತು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನುವ ಗಾದೆಗೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ: ಟಿಕೆಟ್ ಕೊಂಡವರ ದುಡ್ಡು ವರ್ಷಗಟ್ಟಲೆ ಬಡ್ಡಿಗೆ ಹೋಯಿತು.

ಬರಿಯ ಮುಂದಿನ ಕತೆಯನ್ನೂ ಹೇಳಬೇಕು, ಇಲ್ಲದಿದ್ದರೆ ಅಭಿಮಾನಿಗಳನ್ನು ಸಂತರನ್ನಾಗಿ ಮಾಡಿದಂತಾಗುತ್ತದೆ. ಒಂದು ಗುಂಪು ಹೊಸ ಕ್ಲಬ್ ಕಟ್ಟಿತು, ಇನ್ನೊಂದು ಗುಂಪು ಹಳೇ ಮೈದಾನ ಉಳಿಸಿಕೊಳ್ಳಲು ಓಡಾಡಿತು. ಎರಡಕ್ಕೂ ಸರಿಬೀಳಲಿಲ್ಲ. ಒಂದಾಗೋಣ ಎಂಬ ಮೊದಲ ಮತದಾನವೇ ಬಿದ್ದುಹೋಯಿತು. 2023ರಲ್ಲಿ ಎರಡನೇ ಸಲ ಗೆದ್ದು, ಗಿಗ್ ಲೇನ್‌ನಲ್ಲಿ ಮತ್ತೆ ಆಟ ಶುರುವಾಯಿತು, ಲೀಗ್ ಏಣಿಯಲ್ಲಿ ಎಷ್ಟೋ ಮೆಟ್ಟಿಲು ಕೆಳಗೆ.

ಮತ ಇದ್ದರೆ ಸಾಕೇ

ಸಾಕಾಗುವುದಿಲ್ಲ ಅನ್ನಲು ಸ್ಪೇನ್ ಇದೆ. ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ ಎರಡೂ ಸದಸ್ಯರ ಕ್ಲಬ್‌ಗಳು, ಅಧ್ಯಕ್ಷರನ್ನು ಆರಿಸುವುದು ಸದಸ್ಯರೇ. ಸೂಪರ್ ಲೀಗ್‌ಗೆ ಎಲ್ಲರಿಗಿಂತ ಗಟ್ಟಿಯಾಗಿ ಅಂಟಿಕೊಂಡವರೂ ಇವರೇ. ಅಭಿಮಾನಿಗಳ ಒಡೆತನ ಅಂದರೆ ಎಲ್ಲಕ್ಕೂ ಮದ್ದು ಅನ್ನುವವರು ಈ ಪ್ರಶ್ನೆ ಬಂದಾಗ ಮಾತು ತಪ್ಪಿಸುತ್ತಾರೆ. ಮ್ಯಾಡ್ರಿಡ್‌ನಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಲ್ಲಬೇಕಾದರೆ ಇಪ್ಪತ್ತು ವರ್ಷ ಸದಸ್ಯರಾಗಿರಬೇಕು, ಕ್ಲಬ್ಬಿನ ಬಜೆಟ್‌ನ 15% ಮೊತ್ತಕ್ಕೆ ಸ್ವಂತ ಆಸ್ತಿಯ ಮೇಲೆ ಬ್ಯಾಂಕ್ ಗ್ಯಾರಂಟಿ ತರಬೇಕು. ಅಷ್ಟು ದುಡ್ಡಿರುವವರು ದೇಶಕ್ಕೆ ಎಷ್ಟು ಮಂದಿ? 2009ರಿಂದ ಪೆರೆಸ್ 2025ರವರೆಗೂ ಪ್ರತಿ ಸಲ ಅವಿರೋಧವಾಗಿ ಬಂದರು. ವೋಟು ಎಲ್ಲರಿಗೂ ಇತ್ತು, ಆರಿಸಲು ಎರಡನೇ ಹೆಸರಿರಲಿಲ್ಲ. ಬಾರ್ಸಿಲೋನಾದಲ್ಲಿ ಕೊನೆಯ ಮಾತು ಸದಸ್ಯರದ್ದೇ ಎಂದು ಆಗ ಅಧ್ಯಕ್ಷರಾಗಿದ್ದ ಲಪೋರ್ಟಾ ಹೇಳಿದ್ದೇನೋ ನಿಜ, ಹೇಳಿದ್ದು ಸೂಪರ್ ಲೀಗ್ ಘೋಷಣೆ ಹೊರಬಿದ್ದ ಮೇಲೆ. ಆದರೆ ಅದೇ ಕ್ಲಬ್ಬಿನಲ್ಲಿ 2020ರಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸದಸ್ಯರು ಅವಿಶ್ವಾಸಕ್ಕೆ ಸಹಿ ಹಾಕಿದರು, ಮತದಾನಕ್ಕೆ ಮೊದಲೇ ಅಧ್ಯಕ್ಷ ಬಾರ್ತೊಮೆಯು ರಾಜೀನಾಮೆ ಕೊಟ್ಟರು. ಕೆಳಗಿಳಿಸುವ ದಾರಿ ತೆರೆದಿದ್ದ ಕಡೆ ದನಿಗೆ ಬೆಲೆ ಬಂತು.

ಜರ್ಮನಿಯ ಐವತ್ತು ಪ್ಲಸ್ ಒಂದು ನಿಯಮದ ಬಗ್ಗೆ ಎಲ್ಲರೂ ಹೊಗಳುತ್ತಾರೆ. ಹಣ ಹೂಡುವವರು ಬರಲಿ, ಆದರೆ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸದಸ್ಯರ ಸಂಘದ ಕೈಯಲ್ಲೇ ಇರಲಿ ಎನ್ನುವುದು ಅದರ ತಿರುಳು. ಲೆವರ್‌ಕುಸೆನ್, ವೋಲ್ಫ್ಸ್‌ಬರ್ಗ್ ಕ್ಲಬ್‌ಗಳಿಗೆ ವಿನಾಯಿತಿ ಇದೆ. ಲೈಪ್‌ಸಿಗ್‌ನಲ್ಲಿ ಮತದ ಹಕ್ಕಿರುವ ಸದಸ್ಯರು ಬೆರಳೆಣಿಕೆಯಷ್ಟು, ನಿಯಮದ ಅಕ್ಷರ ಪಾಲಿಸಿ ಆತ್ಮ ಕೈಬಿಟ್ಟಿದ್ದಾರೆ. ಆದರೂ 2024ರ ಜನವರಿ, ಫೆಬ್ರವರಿಯಲ್ಲಿ ನಡೆದದ್ದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಟಿವಿ ಹಕ್ಕಿನ ಆದಾಯದಲ್ಲಿ ಒಂದು ಪಾಲನ್ನು ಇಪ್ಪತ್ತು ವರ್ಷದ ಮಟ್ಟಿಗೆ ಹೂಡಿಕೆದಾರರಿಗೆ ಬಿಟ್ಟುಕೊಡುವ ಠರಾವು 36 ಕ್ಲಬ್‌ಗಳಲ್ಲಿ ಸರಿಯಾಗಿ 24ರ ಬೆಂಬಲದಿಂದ ಪಾಸಾಗಿತ್ತು. ಬೇಕಾಗಿದ್ದೂ 24ನೇ. ಹ್ಯಾನೋವರ್ ಕ್ಲಬ್ಬಿನ ಪ್ರತಿನಿಧಿಗೆ ವಿರೋಧಿಸಿ ಎಂದು ಸದಸ್ಯರ ಸಂಘ ಸೂಚಿಸಿತ್ತು. ಮತದಾನ ಗುಪ್ತವಾಗಿತ್ತು. ಅವರು ಮಾತು ಮೀರಿದರೇ ಎಂಬ ಅನುಮಾನ ಹೊಗೆಯಾಡಿತು. ಜನ ಮೈದಾನಕ್ಕೆ ಟೆನಿಸ್ ಚೆಂಡು ಎಸೆದರು, ಚಾಕೊಲೇಟ್ ನಾಣ್ಯ ಎಸೆದರು, ರಾಸ್ಟಾಕ್‌ನಲ್ಲಿ ರಿಮೋಟ್ ಕಾರುಗಳನ್ನೇ ಒಳಗೆ ಬಿಟ್ಟರು. ಹೊಗೆ ಉಗುಳುತ್ತ ಓಡುವ ಆಟಿಕೆ ಕಾರಿನ ಹಿಂದೆ ಸಿಬ್ಬಂದಿ ಓಡುವುದನ್ನು ನೋಡಿ ನಕ್ಕೆ. ಫೆಬ್ರವರಿ 21ಕ್ಕೆ ಲೀಗ್ ಆ ಯೋಜನೆಯನ್ನೇ ಕೈಬಿಟ್ಟಿತು. ಇಲ್ಲೂ ಚೆಂಡು ಎಸೆಯಬೇಕಾಯಿತಲ್ಲ, ಆ್ಯನ್‌ಫೀಲ್ಡ್‌ಗೂ ಇದಕ್ಕೂ ಏನು ವ್ಯತ್ಯಾಸ ಅಂತ ಕೇಳಬಹುದು. ಜರ್ಮನಿಯವರು ಕೇಳುತ್ತಿದ್ದುದು ದಯೆಯನ್ನಲ್ಲ. ನಮ್ಮ ಮತವನ್ನು ಎಲ್ಲಿ ಹಾಕಿದಿರಿ ಎಂಬ ಲೆಕ್ಕವನ್ನು.

ಪಾಲು ಇದ್ದರೆ ಸಾಲದು, ತಡೆಯುವ ಶಕ್ತಿ ಬೇಕು ಅನ್ನಲು ವೇಲ್ಸ್‌ನ ಸ್ವಾನ್ಸಿ ಕ್ಲಬ್ ಸಾಕು. ಅಲ್ಲಿ ಅಭಿಮಾನಿಗಳ ಟ್ರಸ್ಟ್ ಕೈಯಲ್ಲಿ ಸುಮಾರು 21% ಷೇರಿತ್ತು. 2016ರಲ್ಲಿ ಉಳಿದ ಷೇರುದಾರರು ಅಮೆರಿಕದ ಹೂಡಿಕೆದಾರರಿಗೆ ಮಾರುವಾಗ ಟ್ರಸ್ಟನ್ನು ಮಾತುಕತೆಗೇ ಕರೆಯಲಿಲ್ಲ. ಪೋರ್ಟ್ಸ್‌ಮೌತ್‌ನದ್ದು ಇದರ ತಿರುವುಮುರುವು. ಎರಡು ಸಲ ದಿವಾಳಿಯ ಅಂಚಿಗೆ ಹೋಗಿದ್ದ ಕ್ಲಬ್ಬನ್ನು 2013ರಲ್ಲಿ ಅಭಿಮಾನಿಗಳು ತಲಾ ಸಾವಿರ ಪೌಂಡ್ ಹಾಕಿ ಕೊಂಡರು, ಸಾಲ ತೀರಿಸಿದರು, 2017ರಲ್ಲಿ ನಾಲ್ಕನೇ ಹಂತದ ಲೀಗ್ ಟೂ ಗೆದ್ದರು. ಅದೇ ವರ್ಷ ಡಿಸ್ನಿಯ ಮಾಜಿ ಮುಖ್ಯಸ್ಥ ಮೈಕಲ್ ಐಸ್ನರ್‌ಗೆ ಮಾರಲು ತಾವೇ ಭಾರಿ ಬಹುಮತದಿಂದ ವೋಟು ಹಾಕಿದರು. ಅಭಿಮಾನಿಗಳ ಒಡೆತನ ಸೋತಿತು ಅಂತ ಕೆಲವರು ಬರೆದರು. ನನಗೆ ಹಾಗನ್ನಿಸಲಿಲ್ಲ. ಮೈದಾನ ರಿಪೇರಿಗೆ ಬೇಕಾದಷ್ಟು ದುಡ್ಡು ತಮ್ಮ ಜೇಬಿನಲ್ಲಿಲ್ಲ ಎಂದು ಲೆಕ್ಕ ನೋಡಿ, ಚರ್ಚಿಸಿ, ಮಾರಿದರು. ಮಾರಿದ್ದು ಸರಿಯೋ ತಪ್ಪೋ, ನಿರ್ಧಾರ ಅವರದ್ದಾಗಿತ್ತು. ಎಲ್ಲ ಕ್ಲಬ್ಬೂ ಅಭಿಮಾನಿಗಳದ್ದೇ ಆಗಬೇಕು ಅನ್ನುವ ಹಟ ನನಗಿಲ್ಲ. ಕ್ಲಬ್ಬಿನ ದಿನನಿತ್ಯದಲ್ಲಿ ಅವರು ಮೂಗು ತೂರಿಸುವುದೂ ಬೇಡ. ಹೆಸರು, ಬಣ್ಣ, ಮೈದಾನ, ಆಡುವ ಲೀಗ್, ಮಾರಾಟ: ಈ ಐದರ ಮೇಲೆ ಅವರ ಒಪ್ಪಿಗೆಯಿಲ್ಲದೆ ಏನೂ ಆಗಬಾರದು, ಲೆಕ್ಕ ಅವರ ಕಣ್ಣಿಗೆ ಬೀಳಬೇಕು.

ಇಂಗ್ಲೆಂಡ್ ಆ ಕಡೆಗೆ ಒಂದು ಹೆಜ್ಜೆ ಇಟ್ಟಿದೆ. 2025ರ ಜುಲೈನಲ್ಲಿ ಕಾಯ್ದೆಯಾದ ಫುಟ್‌ಬಾಲ್ ಆಡಳಿತ ಮಸೂದೆ ಸ್ವತಂತ್ರ ನಿಯಂತ್ರಕರನ್ನು ತಂದಿತು. ಲಾಂಛನ, ತವರು ಜೆರ್ಸಿಯ ಬಣ್ಣ ಬದಲಿಸಬೇಕಾದರೆ ಅಭಿಮಾನಿಗಳ ಬಹುಮತ ಬೇಕು, ಟಿಕೆಟ್ ದರದ ಬಗ್ಗೆ ಅವರ ಜೊತೆ ಸಮಾಲೋಚಿಸಬೇಕು. ಕಾರ್ಡಿಫ್ ಕ್ಲಬ್ಬಿನ ನೀಲಿ ಜೆರ್ಸಿಯನ್ನು ಮಾಲೀಕರು 2012ರಲ್ಲಿ ಕೆಂಪು ಮಾಡಿದಾಗ ಈ ಕಾಯ್ದೆ ಇರಲಿಲ್ಲ, ನೀಲಿ ವಾಪಸ್ ಬರಲು 2015 ಆಯಿತು. ಬರಿಯವರ ಪಾಲಿಗೆ ಇದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಸಮಾಲೋಚನೆ ಎಂಬ ಮಾತಿನ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. 77 ಪೌಂಡ್ ದರವನ್ನೂ ಸಮಾಲೋಚಿಸಿಯೇ ಇಟ್ಟಿದ್ದರು.

ಹಾಗಾದರೆ ನಾನು?

ಇಷ್ಟೆಲ್ಲ ಬರೆದವನಿಗೂ ಒಂದು ವೋಟು ಬೇಡವೇ ಅಂತ ಗೆಳೆಯನೊಬ್ಬ ಕೇಳಿದ. ದೂರದ ಅಭಿಮಾನಿಯೂ ಜೆರ್ಸಿ ಕೊಳ್ಳುತ್ತಾನೆ, ಚಂದಾ ಕಟ್ಟುತ್ತಾನೆ, ಸೋತ ರಾತ್ರಿ ನಿದ್ದೆಗೆಡುತ್ತಾನೆ. ಕ್ಲಬ್ಬಿಗೆ ಬರುವ ದುಡ್ಡಿನಲ್ಲಿ ಅವನ ಪಾಲು ಬೆಳೆಯುತ್ತಲೇ ಇದೆ. ಬೇಡ ಅನ್ನಲು ಕಷ್ಟವಾಯಿತು, ಆದರೂ ಬೇಡ ಅಂದೆ. ಇದನ್ನು ಪ್ರಯೋಗ ಮಾಡಿ ನೋಡಿದವರಿದ್ದಾರೆ. 2008ರಲ್ಲಿ ಮೈ ಫುಟ್‌ಬಾಲ್ ಕ್ಲಬ್ ಎಂಬ ಜಾಲತಾಣದ ಮೂಲಕ ಮೂವತ್ತು ಸಾವಿರದಷ್ಟು ಜನ ತಲಾ 35 ಪೌಂಡ್ ಹಾಕಿ ಎಬ್ಸ್‌ಫ್ಲೀಟ್ ಯುನೈಟೆಡ್ ಎಂಬ ಇಂಗ್ಲೆಂಡಿನ ಸಣ್ಣ ಕ್ಲಬ್ಬನ್ನು ಕೊಂಡರು, ಹನ್ನೊಂದು ಜನರ ಆಯ್ಕೆಗೂ ನಿಮ್ಮದೇ ವೋಟು ಎಂಬ ಆಸೆ ತೋರಿಸಿದ್ದರು. ಅದೇ ವರ್ಷ ತಂಡ ವೆಂಬ್ಲಿಯಲ್ಲಿ ಸಣ್ಣ ಕ್ಲಬ್‌ಗಳ ಎಫ್ಎ ಟ್ರೋಫಿ ಗೆದ್ದಿತು. ಹೊಸತನ ಮುಗಿಯಿತು, ಚಂದಾ ನವೀಕರಿಸುವವರು ಕರಗುತ್ತ ಹೋದರು, 2013ಕ್ಕೆ ಷೇರು ಬಿಟ್ಟುಕೊಟ್ಟು ಹೊರನಡೆದರು. ಕ್ಲಬ್ ಕೆಳಗೆ ಬಿದ್ದಾಗಲೂ ಗೇಟಿಗೆ ಬಂದವರು ಆ ಊರಿನವರೇ. ನಾನು ಆ ಮೂವತ್ತು ಸಾವಿರದಲ್ಲಿ ಒಬ್ಬನಾಗಿದ್ದರೆ ಎರಡನೇ ವರ್ಷ ದುಡ್ಡು ಕಟ್ಟುತ್ತಿದ್ದೆನೇ? ಅನುಮಾನ.

ದೂರದಿಂದ ನೋಡುವವರಿಗೆ ಕಾಣುವುದು ತೋರಿಸಿದಷ್ಟೇ. 2025ರ ಅಕ್ಟೋಬರ್‌ನಲ್ಲಿ ವಿಲ್ಲಾರಿಯಲ್–ಬಾರ್ಸಿಲೋನಾ ಲೀಗ್ ಪಂದ್ಯವನ್ನು ಮಿಯಾಮಿಗೆ ಒಯ್ಯುವ ಯೋಜನೆಯ ವಿರುದ್ಧ ಸ್ಪೇನ್‌ನ ಆಟಗಾರರು ಶಿಳ್ಳೆ ಊದಿದ ಮೇಲೆ ಹದಿನೈದು ಸೆಕೆಂಡ್ ಅಲ್ಲಾಡದೆ ನಿಂತರು. ಟಿವಿಯಲ್ಲಿ ಆ ಹೊತ್ತಿಗೆ ಸ್ಟೇಡಿಯಂನ ಹೊರಗಿನ ಗೋಡೆ ತೋರಿಸಿದರು. ಯಾಕೆ ಗೋಡೆ ತೋರಿಸುತ್ತಿದ್ದಾರೆ ಎಂಬುದು ಗೊತ್ತಾಗಿದ್ದು ಮೈದಾನದ ಒಳಗಿದ್ದವರು ಫೋನಿನಲ್ಲಿ ತೆಗೆದ ವಿಡಿಯೊ ಹೊರಬಂದ ಮೇಲೆ. ಕೆಲವೇ ದಿನದಲ್ಲಿ ಮಿಯಾಮಿ ಪಂದ್ಯ ರದ್ದಾಯಿತು. ಇಂಥ ಯೋಜನೆ ಮತ್ತೆ ಬಂದೇ ಬರುತ್ತದೆ. ಪ್ರೀಮಿಯರ್ ಲೀಗ್ ಕೂಡ 2008ರಲ್ಲಿ ಹೊರದೇಶದಲ್ಲಿ ಹೆಚ್ಚುವರಿಯಾಗಿ 39ನೇ ಸುತ್ತಿನ ಪಂದ್ಯ ಆಡಿಸುವ ಕನಸು ಕಂಡಿತ್ತು. ಅಂಥ ಒಂದು ಪಂದ್ಯ ನನ್ನ ಕೈಗೆಟಕುವಷ್ಟು ಹತ್ತಿರ ಬಂದರೆ ಟಿಕೆಟ್ಟಿಗೆ ಎಲ್ಲರಿಗಿಂತ ಮೊದಲು ನುಗ್ಗುವವನು ನಾನೇ. ಆ ವಿಷಯದ ಮೇಲೆ ಮತದಾನ ನಡೆದರೆ ಮತಪತ್ರ ನನಗೆ ಕಳಿಸಬೇಡಿ. ತವರಿನ ಒಂದು ಪಂದ್ಯ ಕಳೆದುಕೊಳ್ಳುವ ವಿಲ್ಲಾರಿಯಲ್‌ನ ಸೀಸನ್ ಟಿಕೆಟ್‌ನವರಿಗೆ ಕಳಿಸಿ.